ಕಡಜದ ಗೂಡೂ ಯಶವಂತಪುರದ ಪ್ಲಾಟ್‌ಫಾರಂ ಟಿಕೆಟ್ಟೂ

ಅಪ್ಪನ ವಸ್ತುಗಳಲ್ಲಿ ನಾನಾಗಿ ಕೇಳಿ ಪಡೆದದ್ದು ಒಂದೇ ಒಂದು, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಮುಚ್ಚಳದ ಮೇಲಿನ ಗುಲಾಬಿ ಹೂವಿನ ಅರ್ಧವನ್ನು ತುಕ್ಕು ತಿಂದಿದೆ. ಒಳಗೆ ಬಿಳಿ ದಾರದಿಂದ ಬಿಗಿಯಾಗಿ ಕಟ್ಟಿದ ಪ್ಲಾಟ್‌ಫಾರಂ ಟಿಕೆಟ್ಟುಗಳ ಕಂತೆಯಿದೆ. ಈಗಿನಂತೆ ಊದಿದರೆ ಹಾರಿಹೋಗುವ ಕಾಗದವಲ್ಲ. ಹೆಬ್ಬೆರಳಿನಷ್ಟು ಉದ್ದದ, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿದರೆ ಟಕ್ಕೆನ್ನುವ ದಪ್ಪ ರಟ್ಟಿನವು. ಎಲ್ಲವೂ ಯಶವಂತಪುರದವು. ತಿರುವಿ ನೋಡಿದಷ್ಟರ ಬೆನ್ನ ಮೇಲೂ ಅಪ್ಪನ ಗುಂಡು ಗುಂಡಾದ ಗುಮಾಸ್ತೆಯ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಒಂದೇ ಒಕ್ಕಣೆ: 'ಗಾಡಿ ತಡ.' ನನ್ನ ಮಕ್ಕಳು ಇದನ್ನು ನೋಡಿ, ತಾತ ರೈಲ್ವೆಯಲ್ಲಿದ್ದರೇ ಎಂದು ಕೇಳಿದರು. ಅಪ್ಪ ರೈಲು ಹತ್ತಿದ್ದು ಜೀವಮಾನದಲ್ಲಿ ನಾಲ್ಕೈದು ಬಾರಿ ಇರಬಹುದು. ಆದರೂ ಈ ಟಿಕೆಟ್ಟುಗಳಷ್ಟು ದೂರ ಅವರನ್ನು ಬೇರೆ ಯಾವ ಟಿಕೆಟ್ಟೂ ಕರೆದೊಯ್ಯಲಿಲ್ಲ ಎಂದು ನನಗನ್ನಿಸುತ್ತದೆ. ಇದರ ಮೂಲ ಹುಡುಕಿಕೊಂಡು ಹೊರಟರೆ ನಾವು ಒಂದು ಕಕ್ಕಸಿನ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಬಹುದು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಆರ್.ಟಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ನಿವೇಶನಗಳಲ್ಲಿ ಪಾರ್ಥೇನಿಯಂ ಗಿಡ, ಗಿಡಗಳ ನಡುವೆ ಎಮ್ಮೆ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಜಗತ್ತಿನ ಸಮಸ್ತ ವ್ಯವಹಾರಗಳೂ ಬರವಣಿಗೆಯಲ್ಲಿದ್ದರೆ ಮಾತ್ರ ನಡೆದಂತೆ ಎಂದು ನಂಬಿದ್ದವರು. ನಾನು ಆಗಷ್ಟೇ ಬಿ.ಎ.ಗೆ ಸೇರಿದ್ದೆ. ಮನೆಯಲ್ಲಿದ್ದವರು ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಅಕ್ಕ ಮದುವೆಯಾಗಿ ದಾವಣಗೆರೆಯಲ್ಲಿದ್ದಳು. ಆ ಕಾಲದ ಶಿಷ್ಟಾಚಾರದಂತೆ ನಮ್ಮ ಕಕ್ಕಸು ಮನೆಯಿಂದ ಮಾನವಾಗಿ ದೂರ ನಿಂತು, ಹಿತ್ತಲಿನ ಮೂಲೆಯಲ್ಲಿ, ನುಗ್ಗೆ ಮರದ ನೆರಳಿನಲ್ಲಿ, ತಲೆಯ ಮೇಲೊಂದು ಸಿಮೆಂಟ್ ಶೀಟು ಹೊದ್ದುಕೊಂಡಿತ್ತು. ಆ ಶೀಟಿನ ಕೆಳಗೆ, ಬಾಗಿಲಿನ ಚಿಲಕಕ್ಕೆ ನೆಟ್ಟಗೆ ಮೇಲೆ, ಒಂದು ಬೇಸಿಗೆಯಲ್ಲಿ ಕಡಜಗಳು ಗೂಡು ಕಟ್ಟಿದವು.

ಮೊದಲು ನಿಂಬೆಹಣ್ಣಿನಷ್ಟಿತ್ತಂತೆ. ನಾವು ನೋಡುವ ಹೊತ್ತಿಗೆ ತೆಂಗಿನ ಚಿಪ್ಪಿನಷ್ಟಾಗಿತ್ತು. ನೋಡಿದ್ದು ಎನ್ನುವುದಕ್ಕಿಂತ ಅಪ್ಪನ ತಲೆ ಅದನ್ನು ಪತ್ತೆಹಚ್ಚಿತು ಎನ್ನುವುದು ಸರಿ. ಬೆಳಿಗ್ಗೆ ಆರು ಗಂಟೆಗೆ ಚೊಂಬು ಹಿಡಿದು ಗಂಭೀರವಾಗಿ ಹೋದ ಅಪ್ಪ ಚೊಂಬಿಲ್ಲದೆ, ಗಾಂಭೀರ್ಯವೂ ಇಲ್ಲದೆ ಓಡಿ ಬಂದರು. ಬೋಳುತಲೆಯ ಮೇಲೆ ಮೂರು, ಎಡಗಿವಿಗೆ ಒಂದು. ಅಮ್ಮ ಸುಣ್ಣ ಹಚ್ಚಿದರು, ಅಜ್ಜಿ ಕಬ್ಬಿಣದ ಬೀಗದ ಕೈ ತಂದು ಉಜ್ಜಿದರು. ಎರಡೂ ಸೇರಿ ಅಪ್ಪನ ತಲೆ ಹಳೆಯ ಗೋಡೆಗೆ ಅರ್ಧ ಸುಣ್ಣ ಬಳಿದು ಬಿಟ್ಟಂತೆ ಕಂಡಿತು. ನಾನು ನಕ್ಕೆ. ನಗಬಾರದಿತ್ತು, ಆದರೆ ಹದಿನೆಂಟು ವರ್ಷದವರಿಗೆ ಅಷ್ಟು ವಿವೇಕ ಎಲ್ಲಿಂದ ಬರಬೇಕು?

ಅಪ್ಪ ಆ ಸಂಜೆಯೇ ಸೀಮೆಎಣ್ಣೆ, ಹಳೆ ಪಂಚೆಯ ಚೂರು, ಉದ್ದನೆಯ ಬೊಂಬು ಎಲ್ಲವನ್ನೂ ಸಿದ್ಧ ಮಾಡಿಕೊಂಡು ಯುದ್ಧಸನ್ನದ್ಧರಾದರು. ಆಗ ಅಜ್ಜಿ ಹಿತ್ತಲ ಬಾಗಿಲಿಗೆ ಅಡ್ಡ ಬಂದು ನಿಂತರು.

"ಗೂಡಿಗೆ ಕೈ ಹಚ್ಚಿದ್ರೆ ನೋಡು! ಅಲ್ಲಿ ದಾವಣಗೆರೇಲಿ ನಿನ್ನ ಮಗಳು ತುಂಬಿದ ಬಸುರಿ. ಮನೇಲಿ ಬಸುರಿ ಇರೋವಾಗ ಇನ್ನೊಂದು ಪ್ರಾಣಿ ಸಂಸಾರ ಸುಡ್ತಾರೇನೋ?"

"ಅಮ್ಮ, ಅವಳು ಇರೋದು ಅಲ್ಲಿ, ಗೂಡು ಇರೋದು ಇಲ್ಲಿ," ಎಂದರು ಅಪ್ಪ.

"ಪಾಪಕ್ಕೆ ಬಸ್ ಚಾರ್ಜು ಬೇಕಾಗಲ್ಲ ಕಣಪ್ಪ. ಮಗು ಹುಟ್ಟೋ ತನಕ ಸುಮ್ನಿರು."

ಅಜ್ಜಿಯ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಅಕ್ಕನಿಗೆ ಇದು ಎರಡನೆಯ ಮಗು, ಬಾಣಂತನ ಅತ್ತೆಯ ಮನೆಯಲ್ಲೇ, ಇನ್ನು ಮೂರು ವಾರ ಎಂದು ಡಾಕ್ಟರು ಹೇಳಿದ್ದರು. ಅಂದರೆ ಮೂರು ವಾರ ನಮ್ಮ ಮನೆಯ ಕಕ್ಕಸಿಗೆ ಬೀಗ. ನಮ್ಮ ನಾಲ್ವರ ಹೊಟ್ಟೆಯ ಸೌಖ್ಯ ದಾವಣಗೆರೆಯಲ್ಲಿ ಇನ್ನೂ ಕಣ್ಣು ತೆರೆಯದ ಶಿಶುವೊಂದರ ಕೈಯಲ್ಲಿ. ಮನುಷ್ಯ ಕರ್ಮ, ಕಾಲ, ಗ್ರಹಗತಿ ಎಂದು ಏನೇನಕ್ಕೋ ಬದ್ಧನೆಂದು ಹಿರಿಯರು ಹೇಳಿದ್ದನ್ನು ನಾನು ಕೇಳಿದ್ದೆ. ಹೀಗೂ ಬದ್ಧನಾಗಬಹುದೆಂದು ಯಾರೂ ಹೇಳಿರಲಿಲ್ಲ.

ಬಯಲಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎದುರಿಗೇ ವಿಶಾಲವಾದ ಖಾಲಿ ನಿವೇಶನವಿತ್ತು. ಆದರೆ ಆ ನಿವೇಶನದಲ್ಲಿ ಒಂದು ಹಲಗೆಯಿತ್ತು; ಹಲಗೆಯ ಮೇಲೆ 'ಇಲ್ಲಿ ಗಲೀಜು ಮಾಡುವವರು ಮನುಷ್ಯರಲ್ಲ' ಎಂದು ಬರೆದಿತ್ತು; ಬರೆದವರು ಅಪ್ಪ. ಉಳಿದದ್ದು ಪಕ್ಕದ ಮನೆ. ಅಮ್ಮ, ಅಜ್ಜಿ, ನಾನು ಮರುದಿನವೇ ಚೊಂಬು ಹಿಡಿದು ಪಕ್ಕದ ಮನೆಗೆ ಹೊರಟೆವು. ಅಪ್ಪ ಮಾತ್ರ ಹೊರಡಲಿಲ್ಲ. ಏಕೆಂದರೆ ಪಕ್ಕದ ಮನೆಯ ಗೌಸ್ ಸಾಹೇಬರೊಂದಿಗೆ ಅಪ್ಪ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಗೌಸ್ ಸಾಹೇಬರು ಅಂಗಡಿಗಳ ತಕ್ಕಡಿ, ಕಲ್ಲುಗಳಿಗೆ ಮುದ್ರೆ ಹಾಕುವ ಇಲಾಖೆಯಲ್ಲಿದ್ದರು. ತೆಳ್ಳಗೆ, ಎತ್ತರವಾಗಿ, ಸದಾ ಇಸ್ತ್ರಿ ಮಾಡಿದ ಅಂಗಿಯಲ್ಲಿರುತ್ತಿದ್ದ ಮನುಷ್ಯ. ಹೆಂಡತಿ ಜೈನಬ್ಬಿ, ಶಾಲೆಗೆ ಹೋಗುವ ಮೂವರು ಹೆಣ್ಣುಮಕ್ಕಳು. ಜಗಳದ ಮೂಲ ನಮ್ಮ ನುಗ್ಗೆ ಮರ. ಅದರ ಒಂದು ಕೊಂಬೆ ಕಾಂಪೌಂಡು ದಾಟಿ ಅವರ ಹಿತ್ತಲಿಗೆ ಬಾಗಿತ್ತು, ಆ ಕೊಂಬೆಯಿಂದ ಕಂಬಳಿಹುಳಗಳು ಅವರ ಒಗೆದ ಬಟ್ಟೆಗಳ ಮೇಲೆ ಉದುರುತ್ತಿದ್ದವು. ನಾವು ಯಾವುದೋ ಮದುವೆಗೆ ಹೋಗಿದ್ದಾಗ ಸಾಹೇಬರು ಆ ಕೊಂಬೆ ಕಡಿಸಿದರು. ಕಡಿಸಿ, ಅದರಲ್ಲಿದ್ದ ಕಾಯಿಗಳನ್ನೆಲ್ಲ ಒಪ್ಪವಾಗಿ ಕಂತೆ ಕಟ್ಟಿ ನಮ್ಮ ಗೇಟಿಗೆ ಒರಗಿಸಿದ್ದರು. ಅವರು ಅದನ್ನು ಮರ್ಯಾದೆ ಎಂದುಕೊಂಡರು, ಅಪ್ಪ ಅಣಕ ಎಂದುಕೊಂಡರು. "ಮರಕ್ಕೆ ಕಾಂಪೌಂಡು ಗೊತ್ತಾಗುತ್ತೇನ್ರೀ?" ಎಂದು ಅಪ್ಪ ಕೂಗಿದ್ದು, "ಹುಳಕ್ಕಾದ್ರೂ ಗೊತ್ತಾಗ್ಲಿ ಅಂತ ಹೇಳಿ ರಾಯ್ರೇ" ಎಂದು ಸಾಹೇಬರು ಹೇಳಿದ್ದು, ಇಷ್ಟೇ ಅವರ ಕೊನೆಯ ಸಂಭಾಷಣೆ. ಆ ನುಗ್ಗೆಕಾಯಿಗಳನ್ನು ಅಮ್ಮ ಮೂರು ದಿನ ಹುಳಿ ಮಾಡಿದರು. ಅಪ್ಪ ಎಲ್ಲಿಯ ಕಾಯಿಯೆಂದು ಕೇಳದೆ, ಕೇಳಿದರೆ ಬಿಡಬೇಕಾಗುತ್ತದೆಂದು ತಿಳಿದೇ, ಚಪ್ಪರಿಸಿಕೊಂಡು ತಿಂದರು.

ಹೆಂಗಸರಾದ ನಮಗೆ ಈ ಜಗಳದಲ್ಲಿ ಪಾಲಿರಲಿಲ್ಲ. ಕಾಂಪೌಂಡಿನ ಮೇಲಿನಿಂದ ಕರಿಬೇವು ಆ ಕಡೆ, ನಿಂಬೆಹಣ್ಣು ಈ ಕಡೆ ಹೋಗಿ ಬರುತ್ತಲೇ ಇತ್ತು. ನನಗೆ ಆತಂಕವಿದ್ದದ್ದು ಅಜ್ಜಿಯ ಬಗ್ಗೆ. ಮಡಿಯ ಅಜ್ಜಿ; ಪಕ್ಕದ ಮನೆಯ ನೀರನ್ನೂ ಮುಟ್ಟದವರು. ಅವರನ್ನು ಹೇಗೆ ಒಪ್ಪಿಸುವುದೆಂದು ಅಮ್ಮ ಇಡೀ ಸಂಜೆ ಮಾತು ಜೋಡಿಸಿಕೊಂಡಿದ್ದರು. ಅಜ್ಜಿ ಅಮ್ಮನಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಅಲ್ಲಿಗೆ ಹೋಗೋದೇ ಮೈಲಿಗೆ. ಅದ್ರಲ್ಲಿ ನಮ್ದಾದ್ರೇನು, ಅವ್ರದಾದ್ರೇನು? ಬಂದ್ಮೇಲೆ ಹೆಂಗೂ ಸ್ನಾನ ಮಾಡೋದು ಇದ್ದೇ ಇದೆ," ಎಂದು ಚೊಂಬು ಎತ್ತಿಕೊಂಡು ಮೊದಲು ನಡೆದವರೇ ಅಜ್ಜಿ.

ಶಾಸ್ತ್ರವನ್ನು ಇಷ್ಟು ಆಳವಾಗಿ ಅರಗಿಸಿಕೊಂಡವರನ್ನು ನಾನು ಆಮೇಲೆ ಕಂಡಿಲ್ಲ. ಜೈನಬ್ಬಿ ಬಾಗಿಲಲ್ಲೇ ನಿಂತು "ಆವ್ ಅಜ್ಜಿ, ಬನ್ನಿ ಬನ್ನಿ, ನೀರು ತುಂಬ್ಸಿದ್ದೀನಿ" ಎಂದು, ಮದುವೆ ಮನೆಗೆ ಬಂದವರನ್ನು ಕರೆಯುವಂತೆ ಕರೆದರು. ಅಜ್ಜಿ ಒಳಗೆ ಹೋದರೆ ಅರ್ಧ ಗಂಟೆ. ಆಮೇಲೆ ಅಮ್ಮ, ಆಮೇಲೆ ನಾನು, ಆಮೇಲೆ ಅವರ ಮೂವರು ಹೆಣ್ಣುಮಕ್ಕಳು, ಜೈನಬ್ಬಿ. ಬೆಳಗಿನ ಐದೂವರೆಯಿಂದ ಏಳೂವರೆಯವರೆಗೆ ಆ ಪುಟ್ಟ ಕೋಣೆಗೆ ಬಿಡುವೇ ಇರಲಿಲ್ಲ. ಸಾಹೇಬರು ಎಲ್ಲಿ ಎಂದು ಕೇಳಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. "ಅವರು ವಾಕಿಂಗ್ ಹೋಗ್ತಾರೆ, ಈಗೀಗ ಅಭ್ಯಾಸ ಮಾಡ್ಕೊಂಡಿದ್ದಾರೆ," ಎಂದು ಜೈನಬ್ಬಿ ಹೇಳಿದ್ದರು.

ಅಪ್ಪ ಏನು ಮಾಡುತ್ತಿದ್ದಾರೆಂಬುದೂ ನಮಗೆ ತಿಳಿಯದು. ಐದೂ ಕಾಲಿಗೆ ಸೈಕಲ್ ಹತ್ತಿ ಹೊರಟರೆ ಏಳು ಗಂಟೆಗೆ ಪ್ರಸನ್ನವದನರಾಗಿ ಹಿಂತಿರುಗುತ್ತಿದ್ದರು. ಅಮ್ಮ ಕೇಳಿದರೆ "ವ್ಯವಸ್ಥೆ ಆಗಿದೆ" ಎಂಬ ಒಂದೇ ಉತ್ತರ. ವ್ಯವಸ್ಥೆ ಏನೆಂಬುದು ಆಮೇಲೆ ತಿಳಿಯಿತು. ಮೇಖ್ರಿ ಸರ್ಕಲ್ ದಾಟಿ ಅಪ್ಪ ಯಶವಂತಪುರ ಸ್ಟೇಷನ್ನಿಗೆ ಹೋಗುತ್ತಿದ್ದರು. ಪ್ಲಾಟ್‌ಫಾರಂ ಟಿಕೆಟ್ಟು ಕೊಳ್ಳುತ್ತಿದ್ದರು. ಪ್ಲಾಟ್‌ಫಾರಂ ತುದಿಯಲ್ಲಿದ್ದ ಪಾಯಖಾನೆಗೆ, ಕೈಯಲ್ಲಿ ಟಿಕೆಟ್ಟು ಹಿಡಿದ ಹಕ್ಕುದಾರರಾಗಿ, ಯಾರ ಹಂಗೂ ಇಲ್ಲದೆ ತಲೆಯೆತ್ತಿ ನಡೆಯುತ್ತಿದ್ದರು. ಆದರೆ ಪ್ಲಾಟ್‌ಫಾರಂ ಟಿಕೆಟ್ಟು ಇರುವುದು ಬರುವವರನ್ನು ಕಾಣಲು, ಹೋಗುವವರನ್ನು ಕಳಿಸಲು. ಹೀಗೆ ಉಪಯೋಗಿಸುವುದು ನ್ಯಾಯವೇ ಎಂಬ ಶಂಕೆ ಅವರ ಗುಮಾಸ್ತೆಯ ಮನಸ್ಸಾಕ್ಷಿಯನ್ನು ಕುಟುಕಿತು. ಅದಕ್ಕೇ ಯಾರಾದರೂ ಕೇಳಿದರೆ ಬರವಣಿಗೆಯಲ್ಲಿ ಸಮಜಾಯಿಷಿ ಇರಲೆಂದು ಪ್ರತಿ ಟಿಕೆಟ್ಟಿನ ಹಿಂದೆ 'ಗಾಡಿ ತಡ' ಎಂದು ಬರೆಯುತ್ತಿದ್ದರು. ಗೇಟಿನಲ್ಲಿದ್ದವರು ಈ ನಿತ್ಯದ ಅತಿಥಿಯನ್ನು ಕಂಡು ಕಂಡು, ಟಿಕೆಟ್ಟು ಕೂಡ ವಾಪಸು ಕೇಳದೆ ಕೈಯಾಡಿಸಿ ಕಳಿಸಿಬಿಡುತ್ತಿದ್ದರಂತೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಪಾಯಖಾನೆಯ ಬಾಗಿಲು ತೆರೆದುಕೊಂಡಿತು. ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿಯಲ್ಲಿ ಗೌಸ್ ಸಾಹೇಬರು ಹೊರಬಂದರು.

ಈ ಮುಖಾಮುಖಿಯ ಬಗ್ಗೆ ನನಗೆ ಎರಡು ಪಾಠಗಳು ದೊರೆತಿವೆ, ಅಪ್ಪನದೊಂದು, ಸಾಹೇಬರದೊಂದು. ಮೊದಲು ಮಾತನಾಡಿದವರು ಯಾರು ಎಂಬುದರಲ್ಲಿ ಮಾತ್ರ ಭೇದವಿದೆ. ಇಬ್ಬರೂ ಅದು ತಾನಲ್ಲ ಎನ್ನುತ್ತಿದ್ದರು. ಯಾರಾದರೇನು, ಒಬ್ಬರು ಕೇಳಿದರು: "ಯಾರಾದ್ರೂ ಬರ್ತಾ ಇದ್ದಾರಾ?"

"ಹ್ಞೂ, ನೆಂಟ್ರು. ಗಾಡಿ ತಡ."

"ನಮ್ದೂ ಅಷ್ಟೇ. ಭಾವಮೈದ ಬರ್ಬೇಕು. ಗಾಡಿ ತಡ."

ಮರುದಿನವೂ ನೆಂಟರು ಬರಲಿಲ್ಲ, ಭಾವಮೈದನೂ ಬರಲಿಲ್ಲ. ಅದರ ಮರುದಿನ ಗಾಡಿ ಕರಾರುವಾಕ್ಕಾಗಿ ಸಮಯಕ್ಕೆ ಬಂದು ಇಬ್ಬರ ಮೂಗಿನ ಮುಂದೆಯೇ ನಿಂತಿತು. ಜನ ಇಳಿದರು, ಹತ್ತಿದರು, ಗಾಡಿ ಹೊರಟುಹೋಯಿತು. ಖಾಲಿ ಪ್ಲಾಟ್‌ಫಾರಂ ಮೇಲೆ ಇಬ್ಬರು ಮಧ್ಯವಯಸ್ಕರು ಹತ್ತಡಿ ಅಂತರದಲ್ಲಿ ನಿಂತು ಹಳಿಗಳನ್ನು ನೋಡುತ್ತಿದ್ದರು. ಹೀಗೇ ಒಂದು ವಾರ ನಡೆಯಿತು. ಕೊನೆಗೆ, ದಿನಾ ನೋಡುತ್ತಿದ್ದ ಮುದುಕ ಕೂಲಿಯೊಬ್ಬ ತಡೆಯಲಾರದೆ ಕೇಳಿಯೇಬಿಟ್ಟ: "ಏನ್ ಸಾಮಿ, ನಿಮ್ ನೆಂಟ್ರು ಹಳಿ ಮ್ಯಾಲೆ ನಡ್ಕಂಡ್ ಬತ್ತಾವ್ರಾ?"

ಸಾಹೇಬರು ಮೊದಲು ನಕ್ಕರಂತೆ. ಅಪ್ಪನಿಗೂ ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಅಪ್ಪ ಕಡಜದ ಕಥೆಯನ್ನೂ ಅಜ್ಜಿಯ ಆಜ್ಞೆಯನ್ನೂ ಹೇಳಿ, "ನಿಮಗೇನ್ರೀ ಬಂತು, ನಿಮ್ಮನೇಲಿ ಕಡಜ ಇಲ್ವಲ್ಲ?" ಎಂದು ಕೇಳಿದರು.

ಸಾಹೇಬರು ಸ್ವಲ್ಪ ಸಂಕೋಚದಿಂದ, "ಇಲ್ಲ ರಾಯ್ರೇ. ಆದ್ರೆ ಬೆಳಗ್ಗೆ ಹೊತ್ತು ಸ್ವಲ್ಪ ರಷ್ಷು. ಅಜ್ಜಿ ಒಳಗಿರ್ತಾರೆ. ದೊಡ್ಡೋರು, ಬಾಗ್ಲು ತಟ್ಟೋಕಾಗುತ್ತಾ?" ಎಂದರು.

ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರಂತೆ. ತನ್ನ ಮನೆಯ ಹೆಂಗಸರು ಆ ಮನುಷ್ಯನ ಕಕ್ಕಸನ್ನು ಹಿಡಿದಿಟ್ಟಿದ್ದಾರೆ. ಆತ ತುಟಿ ಪಿಟಕ್ಕೆನ್ನದೆ ತನ್ನ ಮನೆ ಬಿಟ್ಟು ಮೂರು ಮೈಲಿ ಬಂದಿದ್ದಾನೆ. ತಾನು ಮಾತ್ರ ಇವನ ಹಂಗು ಬೇಡವೆಂದು ಸೈಕಲ್ ತುಳಿದಿದ್ದೇನೆ. ಅಪ್ಪನಿಗೆ ನಾಚಿಕೆಯಾಯಿತು. ಕಡಜ ಕಚ್ಚಿದ್ದಕ್ಕಿಂತ ಅದು ಹೆಚ್ಚು ಉರಿಯಿತು ಎಂದು ಅವರೇ ಹೇಳಿದ್ದಾರೆ. ಆದರೆ ಕ್ಷಮಿಸಿ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. "ಟೀ ಕುಡಿಯೋಣ್ವಾ?" ಎಂದರು.

ಆ ಟೀ ಕುಡಿಯುವಾಗ ಸಾಹೇಬರು ತೂಕದ ಇಲಾಖೆಯವರ ನಿಷ್ಪಕ್ಷಪಾತದಿಂದ ಒಂದು ವರದಿ ಒಪ್ಪಿಸಿದರು. "ಒಂದು ವಿಷ್ಯ ಗೊತ್ತಾ ರಾಯ್ರೇ? ಈ ಸಲ ನಮ್ಮನೇಲಿ ಒಂದೂ ಕಂಬಳಿಹುಳ ಇಲ್ಲ. ನಾನೇ ನೋಡ್ದೆ, ನಿಮ್ಮ ಕಡಜ ಬಂದು ಒಂದೊಂದೇ ಎತ್ಕೊಂಡು ಹೋಗ್ತವೆ." ಅಪ್ಪ ಟೀ ಲೋಟ ಕೆಳಗಿಟ್ಟು, "ಹಾಗಾದ್ರೆ ಅವಕ್ಕೂ ಕಾಂಪೌಂಡು ಗೊತ್ತಿಲ್ಲ," ಎಂದರಂತೆ. ಎರಡು ವರ್ಷದ ಜಗಳ ಅಲ್ಲಿಗೆ ಮುಗಿಯಿತು. ಮರುದಿನದಿಂದ ಅಪ್ಪನ ಸೈಕಲ್ಲು ಬೀದಿ ತಿರುವಿನ ಅಂಗಡಿಯ ಮುಂದೆ ನಿಂತಿತು, ಅಪ್ಪ ಸಾಹೇಬರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತರು. ಹೆಂಡತಿಯರಿಗೆ ಗೊತ್ತಾಗಬಾರದೆಂದು ಈ ಏರ್ಪಾಡು. ಎರಡು ವರ್ಷ ಬಿಗುಮಾನದಿಂದಿದ್ದು ಈಗ ರಾಜಿಯಾದೆವೆಂದು ಮನೆಯಲ್ಲಿ ಹೇಳಲು ಇಬ್ಬರಿಗೂ ಮುಖವಿರಲಿಲ್ಲ. ಎದುರಾಬದುರಾದಾಗ ನಮ್ಮ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅದನ್ನೂ ಚೆನ್ನಾಗಿಯೇ ಅಭಿನಯಿಸುತ್ತಿದ್ದರು.

ಮೂರು ವಾರ ಕಳೆಯಿತು, ಮಗು ಹುಟ್ಟಲಿಲ್ಲ. ನಾಲ್ಕನೆಯ ವಾರವೂ ನಡೆಯಿತು. ಅಂಚೆಯವನನ್ನು ಕಂಡರೆ ನಾನು ಗೇಟಿಗೆ ಓಡುತ್ತಿದ್ದೆ. ಜೈನಬ್ಬಿ ನಮಾಜಿನಲ್ಲಿ ಅಕ್ಕನಿಗಾಗಿ ದುವಾ ಕೇಳಿದರು, ಅಜ್ಜಿ ತುಪ್ಪದ ದೀಪ ಹಚ್ಚಿದರು. ಇಷ್ಟೊಂದು ಜನ ತನ್ನ ಹೆರಿಗೆಗೆ ಇಷ್ಟು ಕಾತರದಿಂದ ಕಾಯುತ್ತಿದ್ದಾರೆಂದು ಕೇಳಿ ಅಕ್ಕ ಕಾಗದದಲ್ಲಿ ಕಣ್ಣೀರು ಹಾಕಿಕೊಂಡಿದ್ದಳು. ಕಾರಣವನ್ನು ಅವಳಿಗೆ ಯಾರೂ ಬರೆದಿರಲಿಲ್ಲ. ಒಬ್ಬ ಅಪ್ಪ ಮಾತ್ರ ಯಾವ ಆತುರವೂ ಇಲ್ಲದೆ, "ಬರುವಾಗ ಬರುತ್ತೆ ಬಿಡಿ" ಎಂದು ಹಾಡು ಗುನುಗುತ್ತಾ ಕ್ಷೌರ ಮಾಡಿಕೊಳ್ಳುತ್ತಿದ್ದರು. ಅಪ್ಪ ಹಾಡು ಗುನುಗಿದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ.

ಕೊನೆಗೊಂದು ಭಾನುವಾರ ತಂತಿ ಬಂತು: ಗಂಡು ಮಗು, ತಾಯಿ ಮಗು ಕ್ಷೇಮ. ಅಜ್ಜಿ ನಿಷೇಧಾಜ್ಞೆಯನ್ನು ಹಿಂತೆಗೆದುಕೊಂಡರು. ಸಿಹಿ ಹಂಚುವ ನೆಪದಲ್ಲಿ ಅಪ್ಪ ಎಲ್ಲರ ಎದುರಿಗೇ ಸಾಹೇಬರನ್ನು ಹೆಸರು ಹಿಡಿದು ಕರೆದರು, ಸಾಹೇಬರು ಆಶ್ಚರ್ಯಪಟ್ಟವರಂತೆ ನಟಿಸಿದರು. ನಡುಹಗಲಿನಲ್ಲಿ ಗೂಡಿನ ಮೇಲೆ ದಂಡಯಾತ್ರೆ ಹೊರಟಿತು. ಕಚ್ಚದಿರಲೆಂದು ಜೋಡಿ ಮಂಚದ ಸೊಳ್ಳೆಪರದೆ ತಂದು, ಅಪ್ಪನನ್ನು ನಡುವೆ ನಿಲ್ಲಿಸಿ, ಅದರ ನಾಲ್ಕು ತುದಿಗಳನ್ನು ಅಮ್ಮ, ಜೈನಬ್ಬಿ, ಸಾಹೇಬರು ಮತ್ತು ನಾನು ಹಿಡಿದುಕೊಂಡೆವು. ಒಳಗೆ ಅಪ್ಪ, ಕೈಯಲ್ಲಿ ಬೊಂಬು. ಹೊರಗೆ ನಾವು ಉತ್ಸವಮೂರ್ತಿಯನ್ನು ಮೆರೆಸುವಂತೆ ಹೆಜ್ಜೆ ಹೆಜ್ಜೆಗೆ ನಿಂತು ನಡೆದೆವು. ನಮಗೆ ಪರದೆಯಿಲ್ಲವೆಂಬುದು ಅರ್ಧ ದಾರಿಯಲ್ಲಿ ಸಾಹೇಬರಿಗೆ ಹೊಳೆಯಿತು. "ರಾಯ್ರೇ, ಕಚ್ಚೋದು ನಮಗಲ್ವಾ?" ಎಂದರು. ಅಷ್ಟರಲ್ಲಿ ಬಾಗಿಲು ಬಂದಿತ್ತು. ಅಪ್ಪ ಕಣ್ಣುಮುಚ್ಚಿ ಬೊಂಬಿನಿಂದ ಒಂದು ಏಟು ಕೊಟ್ಟರು. ನಾವು ಪರದೆ ಬಿಟ್ಟು ಓಡಿದೆವು, ಅಪ್ಪ ಪರದೆಯಲ್ಲಿ ಸುತ್ತಿಕೊಂಡು ಬಿದ್ದರು. ಗೂಡು ಒಣ ಹಪ್ಪಳದಂತೆ ಉದುರಿ ಅವರ ಎದೆಯ ಮೇಲೆ ಕುಳಿತಿತು.

ಒಂದೇ ಒಂದು ಕಡಜ ಇರಲಿಲ್ಲ. ಗೂಡು ಎಂದೋ ಖಾಲಿಯಾಗಿತ್ತು. ಎಂದು ಎಂಬುದು ಯಾರಿಗೂ ತಿಳಿಯದು, ಹತ್ತಿರ ಹೋಗಿ ನೋಡಿದವರೇ ಇರಲಿಲ್ಲವಲ್ಲ. ಖಾಲಿ ಗೂಡಿಗೆ ಹೆದರಿ ಎರಡು ಸಂಸಾರಗಳು ಬೀದಿಯಲ್ಲಿ ಚೊಂಬು ಹಿಡಿದು ಓಡಾಡಿದ್ದವು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಪ್ಪ ಮತ್ತು ಸಾಹೇಬರು ಮಾತ್ರ ಏಕೋ ಅಷ್ಟಾಗಿ ನಗಲಿಲ್ಲ.

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮ ನನ್ನೊಬ್ಬಳಿಗೇ ಹೇಳಿದರು, ಹತ್ತು ದಿನದ ಹಿಂದೆಯೇ ನುಗ್ಗೆಸೊಪ್ಪು ಬಿಡಿಸಲು ಹೋದಾಗ ಪೊರಕೆಕಡ್ಡಿಯಿಂದ ಗೂಡನ್ನು ತಿವಿದು ನೋಡಿದ್ದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಹತ್ತು ದಿನ! ಕಾಲೇಜಿನ ಹುಡುಗರು ಓಡಾಡುವ ಬೀದಿಯಲ್ಲಿ ಚೊಂಬು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಓಡಿದ್ದೆನಲ್ಲ!

"ತರಕಾರಿಯವಳು ಹೇಳಿದ್ಲು ಕಣೇ, ಇಬ್ರೂ ಒಂದೇ ಸ್ಕೂಟ್ರಲ್ಲಿ ನಗ್ತಾ ನಗ್ತಾ ಹೋಗ್ತಾರಂತೆ ಅಂತ," ಎಂದರು ಅಮ್ಮ. "ನಿಮ್ಮಪ್ಪಂಗೆ ಈ ಊರಲ್ಲಿ ಇನ್ನೊಬ್ರು ಸ್ನೇಹಿತ್ರು ಯಾರಿದ್ದಾರೆ ಹೇಳು? ಒಂದು ಕಕ್ಕಸಿಗೋಸ್ಕರ ಅದನ್ನ ಕೆಡಿಸ್ಲಾ?"

ಅಪ್ಪನಿಗೆ ಸ್ನೇಹಿತರಿಲ್ಲ ಎಂಬುದನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ.

ಮರುವರ್ಷ ಕಡಜಗಳು ಬರಲಿಲ್ಲ, ಕಂಬಳಿಹುಳಗಳು ಬಂದವು. ಸಾಹೇಬರೂ ಅಪ್ಪನೂ ಸೇರಿ ಅವನ್ನು ಕಡ್ಡಿಯಿಂದ ಆರಿಸಿದರು. ಮನೆಯ ಕಕ್ಕಸು ಸುಸೂತ್ರವಾಗಿದ್ದರೂ ಪ್ರತಿ ಭಾನುವಾರ ಬೆಳಿಗ್ಗೆ ಸ್ಕೂಟರು ಯಶವಂತಪುರಕ್ಕೆ ಹೊರಡುತ್ತಿತ್ತು. ಇಬ್ಬರೂ ಟಿಕೆಟ್ಟು ಕೊಂಡು, ಟೀ ಕುಡಿದು, ಯಾರೂ ಬರದಿರುವುದನ್ನು ನೋಡಿಕೊಂಡು ಬರುತ್ತಿದ್ದರು. ಕಂತೆ ಇಷ್ಟು ದಪ್ಪವಾದದ್ದು ಹಾಗೆ. ಎಂಬತ್ತರ ದಶಕ ಕಾಲಿಟ್ಟ ಮೇಲೆ ಒಂದು ಬೇಸಿಗೆಯಲ್ಲಿ ಸಾಹೇಬರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಜೈನಬ್ಬಿ ಅಜ್ಜಿಯ ಕೈ ಹಿಡಿದುಕೊಂಡು ಅತ್ತರು. ಅಜ್ಜಿ ಆ ದಿನ ಸ್ನಾನ ಮಾಡಿ ಮಡಿಯುಟ್ಟಿದ್ದರು, ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಅಪ್ಪ ಅವರನ್ನು ಕಳಿಸಲು ಸ್ಟೇಷನ್ನಿಗೆ ಹೋದರು. ಹಿಂತಿರುಗಿ ಬಂದು, ಬಿಸ್ಕತ್ತಿನ ಡಬ್ಬಿ ತೆಗೆದು, ಆ ದಿನದ ಟಿಕೆಟ್ಟನ್ನು ಕಂತೆಗೆ ಸೇರಿಸಿ ಮುಚ್ಚಿಟ್ಟರು.

ಈಗ ಆ ಡಬ್ಬಿ ನನ್ನ ಮೇಜಿನ ಮೇಲಿದೆ. ಕಂತೆಯ ಕಟ್ಟಕಡೆಯ ಟಿಕೆಟ್ಟನ್ನು ನಾನು ಬಿಡಿಸಿ ನೋಡಿದ್ದು ಮೊನ್ನೆ. ಇಷ್ಟೊಂದು ಟಿಕೆಟ್ಟುಗಳಲ್ಲಿ, ಪ್ಲಾಟ್‌ಫಾರಂ ಟಿಕೆಟ್ಟು ಯಾವುದಕ್ಕಾಗಿ ಇದೆಯೋ ಅದಕ್ಕಾಗಿಯೇ ಅಪ್ಪ ಕೊಂಡದ್ದು ಅದೊಂದನ್ನೇ. ಅದರ ಹಿಂದೆಯೂ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಅಕ್ಷರ ಅಷ್ಟು ಗುಂಡಗಿಲ್ಲ.

'ಗಾಡಿ ಸರಿಯಾದ ಸಮಯಕ್ಕೆ ಹೊರಟಿತು. ಛೆ.'